ನಾಯಿಯ ಎದೆ, ಮನುಷ್ಯನ ಮಾತ್ರೆ

ಪ್ರಾಣಿವೈದ್ಯದ ವಿಷಯದಲ್ಲಿ ನಮ್ಮ ಪೂರ್ವಿಕರು ಉದಾಸೀನರಾಗಿದ್ದರೆಂದು ಹೇಳುವಂತಿಲ್ಲ. ಆನೆಗಳ ರೋಗಗಳನ್ನು ಕುರಿತು ಪಾಲಕಾಪ್ಯನ ಹೆಸರಿನಲ್ಲಿ ಸಂಸ್ಕೃತದಲ್ಲೊಂದು ಮಹಾಗ್ರಂಥವುಂಟು, ಕುದುರೆಗಳಿಗೆ ಶಾಲಿಹೋತ್ರನಿದ್ದಾನೆ, ಕನ್ನಡದಲ್ಲಿಯೇ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನೂ, ಅವನ ತರುವಾಯ ಅಭಿನವಚಂದ್ರನು ಅಶ್ವವೈದ್ಯವನ್ನೂ ರಚಿಸಿದರು. ಯುದ್ಧಕ್ಕೆ ಬೇಕಾದ ಆನೆ, ಸವಾರಿಗೆ ಬೇಕಾದ ಕುದುರೆ, ಹಾಲಿಗೂ ಉಳುಮೆಗೂ ಬೇಕಾದ ದನ, ಇವುಗಳ ದೇಹಸ್ಥಿತಿಯನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಿಸಿದ ಆ ಲೇಖನಿಗಳು ಬಾಗಿಲ ಬಳಿ ಮಲಗಿದ್ದ ನಾಯಿಯ ಕಡೆಗೆ ಅಷ್ಟಾಗಿ ಹೊರಳಲಿಲ್ಲ. ನಾಯಿಗೆ ಮರ್ಯಾದೆಯೇ ಇರಲಿಲ್ಲವೆನ್ನೋಣವೆಂದರೆ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949ರ ಸುಮಾರಿನ ಶಿಲಾಶಾಸನವು, ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೇರನು ಮೆಚ್ಚಿದೊಡೆಯನಿಂದ ಬೇರಾವ ವರವನ್ನೂ ಒಲ್ಲದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ಕಾಳಿ ಹಂದಿಯೊಂದರೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದುದನ್ನೂ, ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನು ಬಿಟ್ಟುದನ್ನೂ ನಿಚ್ಚಳವಾಗಿ ಹೇಳುತ್ತದೆ. ವೀರಗಲ್ಲಿನ ಭಾಗ್ಯವಿದ್ದ ಪ್ರಾಣಿಗೆ ವೈದ್ಯಗ್ರಂಥದ ಭಾಗ್ಯ ಮಾತ್ರ ಬಹುಕಾಲ ಒದಗಲಿಲ್ಲ.

ನಾಯಿಯ ಎದೆಯೊಳಗನ್ನು ವಿದ್ವಾಂಸರು ಮೊದಲು ಇಣುಕಿ ನೋಡಿದುದು ನಾಯಿಯ ಹಿತಕ್ಕಾಗಿ ಅಲ್ಲವೆಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ. ರಕ್ತವು ದೇಹದಲ್ಲಿ ಸುತ್ತಿ ಬರುತ್ತದೆಂಬುದನ್ನು 1628ರಲ್ಲಿ ಗ್ರಂಥಮುಖೇನ ಸ್ಥಾಪಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ ಪರೀಕ್ಷಿಸಿದ ಜೀವಿಗಳಲ್ಲಿ ನಾಯಿಗಳಿದ್ದವು. ಆ ರಕ್ತವು ಎಷ್ಟು ರಭಸದಿಂದ ಹರಿಯುತ್ತದೆಂಬುದನ್ನು ಅಳೆಯಲು ಹೊರಟವನು ಲಂಡನ್ನಿನ ಬಳಿಯ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್. ಈತನು ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ತೊಡೆಯ ಧಮನಿಗೆ ಹಿತ್ತಾಳೆಯ ನಳಿಕೆಯನ್ನು ತೂರಿಸಿ, ಅದಕ್ಕೆ ಉದ್ದವಾದ ಗಾಜಿನ ಕೊಳವೆಯನ್ನು ನೆಟ್ಟಗೆ ಜೋಡಿಸಿದಾಗ, ನೆತ್ತರು ಎದ್ದು ಎದ್ದು 8 ಅಡಿ 3 ಅಂಗುಲದಷ್ಟು ಎತ್ತರಕ್ಕೇರಿ ನಿಂತಿತು. ಕುದುರೆಗಿಂತ ಮೊದಲೇ ನಾಯಿಗಳ ಸರದಿ ಬಂದಿತ್ತು. 1733ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಆ ಅಳತೆಗಳೆಲ್ಲ ಉಂಟು. ಹೇಲ್ಸನ ನೆರೆಯವನೂ ಮಿತ್ರನೂ ಆಗಿದ್ದ ಕವಿ ಅಲೆಕ್ಸಾಂಡರ್ ಪೋಪನು, ಪಾದ್ರಿಯ ಸಜ್ಜನಿಕೆಯನ್ನು ಒಪ್ಪುತ್ತಲೇ, ಅವನು ನಾಯಿಗಳನ್ನು ಕೊಯ್ಯುವುದನ್ನು ಮಾತ್ರ ಸಹಿಸಲಾರದೆ ಹೋದನು. ತನ್ನ ಮನೆಯಲ್ಲಿ ನಾಯಿಯನ್ನು ಸಾಕಿಕೊಂಡಿದ್ದ ಕವಿಯ ಈ ಅಸಹನೆಯನ್ನು ಭಾವುಕತೆಯೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಔಷಧಿಯ ಕಥೆ ಬೇರೆ ಕಡೆಯಿಂದ ಆರಂಭವಾಗುತ್ತದೆ. ಬರ್ಮಿಂಗ್‌ಹ್ಯಾಮಿನ ವೈದ್ಯ ವಿಲಿಯಂ ವಿದರಿಂಗ್‌ಗೆ 1775ರಲ್ಲಿ, ಮೈಯೆಲ್ಲ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಶ್ರಾಪ್‌ಷೈರಿನ ಮುದುಕಿಯೊಬ್ಬಳು ಕೊಡುತ್ತಿದ್ದ ಮನೆಮದ್ದಿನ ವಿಷಯ ತಿಳಿಯಿತು. ಇಪ್ಪತ್ತಕ್ಕೂ ಮಿಕ್ಕ ಗಿಡಮೂಲಿಕೆಗಳ ಆ ಕಷಾಯದಲ್ಲಿ ಕೆಲಸ ಮಾಡುತ್ತಿದ್ದುದು ಒಂದೇ, ಅದು ಫಾಕ್ಸ್‌ಗ್ಲವ್ ಗಿಡವೆಂಬುದನ್ನು ಗುರುತಿಸಿದ ವಿದರಿಂಗನು ಹತ್ತು ವರ್ಷಗಳ ಕಾಲ ಅದನ್ನು ರೋಗಿಗಳಿಗೆ ಕೊಟ್ಟು ನೋಡಿ, 163 ಮಂದಿಯ ವೃತ್ತಾಂತವನ್ನು, ವಿಫಲವಾದವುಗಳನ್ನೂ ಮುಚ್ಚಿಡದೆ, 1785ರಲ್ಲಿ ಅಚ್ಚು ಹಾಕಿಸಿದನು. (ಮುದುಕಿಯ ಹೆಸರನ್ನು ಅವನು ಎಲ್ಲಿಯೂ ಹೇಳಿಲ್ಲ, ಇಪ್ಪತ್ತನೆಯ ಶತಮಾನದಲ್ಲಿ ಔಷಧ ಕಂಪನಿಯೊಂದರ ಜಾಹೀರಾತು ಅವಳಿಗೊಂದು ಹೆಸರನ್ನು ಕಲ್ಪಿಸಿ ಕೊಟ್ಟಿತು, ಅದನ್ನೇ ಜನ ಇತಿಹಾಸವೆಂದು ನಂಬಿದರು.) ವಿದರಿಂಗನ ನಿಜವಾದ ಹಿರಿಮೆಯಿರುವುದು ಗಿಡವನ್ನು ಕಂಡುಕೊಂಡುದರಲ್ಲಿ ಅಲ್ಲ, ಪ್ರಮಾಣದಲ್ಲಿ. ಮದ್ದು ಹೆಚ್ಚಾದರೆ ವಾಂತಿಯಾಗುತ್ತದೆ, ದೃಷ್ಟಿ ಮಂಕಾಗಿ ವಸ್ತುಗಳು ಹಳದಿ ಹಸಿರಾಗಿ ಕಾಣುತ್ತವೆ, ನಾಡಿ ತೀರ ನಿಧಾನವಾಗುತ್ತದೆ, ಮರಣವೂ ಸಂಭವಿಸಬಹುದು. ಆದಕಾರಣ ಈ ಚಿಹ್ನೆಗಳಲ್ಲಿ ಮೊದಲನೆಯದು ತೋರಿದೊಡನೆ ನಿಲ್ಲಿಸಬೇಕೆಂಬುದು ಅವನ ವಿಧಿ. ಉಪಕಾರ ಮಾಡುವ ಪ್ರಮಾಣಕ್ಕೂ ಅಪಾಯ ತರುವ ಪ್ರಮಾಣಕ್ಕೂ ನಡುವೆ ಇರುವ ಆ ಇಕ್ಕಟ್ಟಾದ ದಾರಿಯು, ಅದೇ ಜಾತಿಯ ಇನ್ನೊಂದು ಗಿಡದಿಂದ 1930ರಲ್ಲಿ ಬೇರ್ಪಡಿಸಲ್ಪಟ್ಟ ಡಿಗಾಕ್ಸಿನ್‌ನಲ್ಲಿಯೂ ಹಾಗೆಯೇ ಉಳಿಯಿತು. ನಾಯಿಯ ಹೃದಯಕ್ಕೆ ಮನುಷ್ಯನ ಔಷಧಿಗಳಲ್ಲಿ ಬಹುಕಾಲ ಆಧಾರವಾಗಿದ್ದುದು ಇದೇ.

ಈ ನಡುವೆ ನಾಯಿಯು ವಿಜ್ಞಾನಕ್ಕೆ ನೋವಿಲ್ಲದ ಸೇವೆಯನ್ನು ಸಲ್ಲಿಸಿದ ಒಂದು ಪ್ರಸಂಗವಿದೆ. ಅದನ್ನು ತುಸು ಸಾವಕಾಶವಾಗಿ ನೋಡಬಹುದು. ಲಂಡನ್ನಿನ ಶರೀರಶಾಸ್ತ್ರಜ್ಞ ಅಗಸ್ಟಸ್ ವಾಲರ್, ಹೃದಯದ ಬಡಿತದೊಡನೆ ಹುಟ್ಟುವ ವಿದ್ಯುತ್ತನ್ನು ಎದೆಯನ್ನು ಸೀಳದೆಯೇ, ಚರ್ಮದ ಮೇಲಿಂದಲೇ ದಾಖಲಿಸಬಹುದೆಂದು 1887ರಲ್ಲಿ ತೋರಿಸಿದವನು. ಅವನ ಮನೆಯಲ್ಲಿ ಜಿಮ್ಮಿಯೆಂಬ ಬುಲ್‌ಡಾಗ್ ಇತ್ತು. ಪಾದಗಳನ್ನು ಉಪ್ಪುನೀರಿನ ಗಾಜಿನ ಪಾತ್ರೆಗಳಲ್ಲಿಟ್ಟುಕೊಂಡು ಅಲ್ಲಾಡದೆ ನಿಲ್ಲುವುದನ್ನು ಅದು ಕಲಿತಿತ್ತು. ನೀರಿನಿಂದ ಹೊರಟ ತಂತಿಗಳು ಮಾಪಕವನ್ನು ಸೇರಿ, ಜಿಮ್ಮಿಯ ಹೃದಯದ ಒಂದೊಂದು ಬಡಿತವನ್ನೂ ನೆರೆದ ಸಭಿಕರ ಕಣ್ಣಮುಂದೆ ಗೆರೆಯಾಗಿ ಕುಣಿಸುತ್ತಿದ್ದವು. 1909ರಲ್ಲಿ ರಾಯಲ್ ಸೊಸೈಟಿಯ ಸಮಾರಂಭದಲ್ಲಿ ನಡೆದ ಇಂಥದೊಂದು ಪ್ರದರ್ಶನದ ವರ್ತಮಾನ ಪತ್ರಿಕೆಗಳ ಮೂಲಕ ಪಾರ್ಲಿಮೆಂಟನ್ನು ಮುಟ್ಟಿತು. ಕೊರಳಿಗೆ ಮೊಳೆಗಳಿರುವ ಚರ್ಮದ ಪಟ್ಟಿಯನ್ನು ಬಿಗಿದು, ಕಾಲುಗಳನ್ನು ಲವಣದ್ರವದಲ್ಲಿ ಮುಳುಗಿಸಿ, ವಿದ್ಯುತ್ತಿನ ತಂತಿಗಳನ್ನು ಜೋಡಿಸಿ ಒಂದು ಮೂಕಪ್ರಾಣಿಯನ್ನು ಹಿಂಸಿಸಲಾಯಿತಂತೆ, 1876ರ ಪ್ರಾಣಿಹಿಂಸಾ ಕಾಯಿದೆಗೆ ಇದು ವಿರುದ್ಧವಲ್ಲವೇ ಎಂದು ಸದಸ್ಯರೊಬ್ಬರು ಪ್ರಶ್ನೆ ಹಾಕಿದರು. ಆ ಚರ್ಮದ ಪಟ್ಟಿ ಹಿತ್ತಾಳೆಯ ಗುಬುಟುಗಳಿಂದ ಅಲಂಕೃತವಾದ, ಅದು ದಿನವೂ ಧರಿಸುತ್ತಿದ್ದ ಕೊರಳಪಟ್ಟಿಯೆಂದೂ, ಪಾತ್ರೆಯಲ್ಲಿದ್ದುದು ಅಡುಗೆಯ ಉಪ್ಪು ಬೆರೆಸಿದ ನೀರೆಂದೂ, ಸಮುದ್ರದ ಅಂಚಿನಲ್ಲಿ ಕಾಲು ನೆನೆಸಿಕೊಂಡವರಿಗೆ ಅದರ ಅನುಭವ ಹೊಸದಾಗಿರಲಾರದೆಂದೂ ಗೃಹಸಚಿವ ಗ್ಲಾಡ್‌ಸ್ಟನ್ ಉತ್ತರ ಕೊಟ್ಟನು. ಇಂದು ಬೆಂಗಳೂರಿನ ಪಶುವೈದ್ಯಶಾಲೆಯ ಮೇಜಿನ ಮೇಲೆ ಮಗ್ಗುಲಾಗಿ ಮಲಗಿ, ಕಾಲುಗಳಿಗೆ ಹಿಡಿಕೆ ಕಚ್ಚಿಸಿಕೊಂಡು ಇ.ಸಿ.ಜಿ. ತೆಗೆಸಿಕೊಳ್ಳುವ ಪ್ರತಿಯೊಂದು ನಾಯಿಯೂ, ತನಗೆ ತಿಳಿಯದಿದ್ದರೂ, ಜಿಮ್ಮಿಯ ಪರಂಪರೆಗೆ ಸೇರಿದುದೇ.

ಜಿಮ್ಮಿಯಂಥ ಸುಖ ಮಿಕ್ಕ ನಾಯಿಗಳಿಗೆ ಸಿಕ್ಕಲಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ರೋಗನಿದಾನಶಾಸ್ತ್ರಜ್ಞನು, ಅಧಿಕ ರಕ್ತದೊತ್ತಡದಿಂದ ಸತ್ತವರ ಶರೀರಗಳಲ್ಲಿ ಮೂತ್ರಪಿಂಡದ ಧಮನಿಗಳು ಸಂಕುಚಿತವಾಗಿರುವುದನ್ನು ಅನೇಕ ಸಲ ಕಂಡಿದ್ದನು. ಒತ್ತಡದಿಂದ ಮೂತ್ರಪಿಂಡ ಕೆಡುವುದೋ, ಮೂತ್ರಪಿಂಡ ಕೆಟ್ಟುದರಿಂದ ಒತ್ತಡ ಏರುವುದೋ? ಇದನ್ನು ನಿರ್ಣಯಿಸಲು ಅವನು ಬೆಳ್ಳಿಯ ಪುಟ್ಟ ಹಿಡಿಕೆಯೊಂದನ್ನು ಮಾಡಿಸಿ, ತಿರುಪಿನಿಂದ ಬೇಕಾದಷ್ಟೇ ಬಿಗಿಯಾಗುವಂತೆ ಅದನ್ನು ನಾಯಿಗಳ ಮೂತ್ರಪಿಂಡದ ಧಮನಿಗೆ ಕಚ್ಚಿಸಿದನು. ರಕ್ತ ನಿಲ್ಲಲಿಲ್ಲ, ಇಳುಕಿತು ಅಷ್ಟೆ. ಅಷ್ಟಕ್ಕೇ ನಾಯಿಯ ರಕ್ತದೊತ್ತಡ ಮೇಲೇರಿತು, ಮತ್ತು ಬಹುಕಾಲ ಮೇಲೆಯೇ ನಿಂತಿತು. 1934ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಮೂತ್ರಪಿಂಡವು ಯಾವುದೋ ದ್ರವ್ಯವನ್ನು ರಕ್ತಕ್ಕೆ ಬಿಟ್ಟು ಶರೀರದ ಒತ್ತಡವನ್ನು ಏರಿಸುತ್ತದೆಂಬ ಸಂಶಯ ದೃಢವಾಯಿತು. ಆ ಜಾಡನ್ನು ಹಿಡಿದು ಹೊರಟ ಅಮೆರಿಕದ ಇರ್ವಿನ್ ಪೇಜ್ ಮತ್ತು ಅರ್ಜೆಂಟೀನಾದ ಬ್ರೌನ್ ಮೆನೆಂಡೆಸ್, ಒಬ್ಬರನ್ನೊಬ್ಬರು ಅರಿಯದೆ, ಬೇರೆ ಬೇರೆಯಾಗಿ ಅದೇ ದ್ರವ್ಯವನ್ನು ಕಂಡುಹಿಡಿದು ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. 1958ರಲ್ಲಿ ರಾಜಿಯಾಗಿ ಆಂಜಿಯೊಟೆನ್ಸಿನ್ ಎಂಬ ಹೆಸರು ನಿಂತಿತು.

ಇನ್ನು ಅದನ್ನು ಕಟ್ಟಿಹಾಕುವ ಮದ್ದು ಬೇಕು. ಅದು ಬಂದುದು ಬ್ರೆಜಿಲ್ಲಿನ ಜರರಾಕಾ ಎಂಬ ಮಂಡಲಜಾತಿಯ ಹಾವಿನ ವಿಷದಿಂದ. ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ ಆ ವಿಷದ ಸಾರವನ್ನು ಲಂಡನ್ನಿಗೆ ಕೊಂಡೊಯ್ದನು. ಅಲ್ಲಿ ಜಾನ್ ವೇನ್‌ನ ಪ್ರಯೋಗಶಾಲೆಯಲ್ಲಿ, ನಾಯಿಯ ಶ್ವಾಸಕೋಶದಿಂದ ತೆಗೆದ ಕಿಣ್ವವು ಆಂಜಿಯೊಟೆನ್ಸಿನ್ನನ್ನು ಕ್ರಿಯಾಶಾಲಿಯಾಗಿ ಪರಿವರ್ತಿಸುವುದನ್ನು ಆ ಸಾರವು ತಡೆಯುತ್ತದೆಂದು 1960ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಸ್ಕ್ವಿಬ್ ಕಂಪನಿಯ ಒಂಡೆಟ್ಟಿ ಮತ್ತು ಕುಷ್‌ಮನ್ ಅದರ ಆಧಾರದ ಮೇಲೆ ಬಾಯಿಯಿಂದ ನುಂಗಬಹುದಾದ ಕ್ಯಾಪ್ಟೊಪ್ರಿಲ್ಲನ್ನು ರೂಪಿಸಿದರು. 1981ರಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂತು, 1985ರಲ್ಲಿ ಅದರ ತಮ್ಮನಾದ ಎನಲಾಪ್ರಿಲ್. ನಾಯಿಯ ಮೂತ್ರಪಿಂಡದಲ್ಲಿ ಪ್ರಶ್ನೆಯಾಗಿ ಹುಟ್ಟಿ, ನಾಯಿಯ ಶ್ವಾಸಕೋಶದಲ್ಲಿ ಪರೀಕ್ಷೆಗೊಳಗಾಗಿ, ಮನುಷ್ಯನ ಮಾತ್ರೆಯಾಗಿ ಪರಿಣಮಿಸಿದ ಈ ವಸ್ತು, 1994ರಲ್ಲಿ ಎನಾಕಾರ್ಡ್ ಎಂಬ ಹೆಸರಿನಿಂದ ನಾಯಿಗಳ ಹೃದಯವೈಫಲ್ಯಕ್ಕೆಂದೇ ಅಮೆರಿಕದಲ್ಲಿ ಅಂಗೀಕೃತವಾಯಿತು. ಅಂದರೆ ಗೋಲ್ಡ್‌ಬ್ಲಾಟನ ನಾಯಿಗಳ ಸಾಲ ಅರುವತ್ತು ವರ್ಷಗಳ ಮೇಲೆ ಅವುಗಳ ಕುಲಕ್ಕೆ ಸಂದಾಯವಾಯಿತು, ಬಡ್ಡಿಯಿಲ್ಲದೆ.

ನಮ್ಮ ದೇಶಕ್ಕೂ ಈ ಚರಿತ್ರೆಯಲ್ಲಿ ಒಂದು ಅಧ್ಯಾಯವುಂಟು. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಚಿತ್ತಭ್ರಮೆಗೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರು ತಮ್ಮ ರೋಗಿಗಳ ಅನುಭವವನ್ನು 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಹೊರಗಿನ ಪ್ರಪಂಚ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಸರ್‌ಲ್ಯಾಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ನನ್ನು ಬೇರ್ಪಡಿಸಿತು. ಮನುಷ್ಯನ ಅಧಿಕ ರಕ್ತದೊತ್ತಡಕ್ಕೆ ಜಗತ್ತು ಮೊದಲು ಬಳಸಿದ ಪರಿಣಾಮಕಾರಿ ಮಾತ್ರೆಗಳಲ್ಲಿ ಇದು ಒಂದು. ಕುದುರೆಗಳನ್ನು ಶಾಂತಗೊಳಿಸಲು ಅದನ್ನು ಬಳಸಿದುದುಂಟು. ನಾಯಿಗಳ ವೈದ್ಯದಲ್ಲಿ ಅದು ನೆಲೆಯೂರಲಿಲ್ಲ; ಏಕೆಂದರೆ ನಮ್ಮಲ್ಲಿ ಬಹುಮಂದಿಗೆ ಕಾರಣ ತಿಳಿಯದೆ ಏರುವ ಒತ್ತಡ ನಾಯಿಗಳಲ್ಲಿ ಅಪರೂಪ. ನಾಯಿಯ ರಕ್ತದೊತ್ತಡ ಏರಿತೆಂದರೆ ಅದರ ಹಿಂದೆ ಬಹುಮಟ್ಟಿಗೆ ಇನ್ನೊಂದು ರೋಗ ನಿಂತಿರುತ್ತದೆ: ಮೂತ್ರಪಿಂಡದ್ದೋ, ಅಡ್ರಿನಲ್ ಗ್ರಂಥಿಯದೋ, ಸಕ್ಕರೆಯದೋ. ಗೋಲ್ಡ್‌ಬ್ಲಾಟನು ಮನುಷ್ಯನ ರೋಗಕ್ಕೆಂದು ಬೆಳ್ಳಿಯ ಹಿಡಿಕೆಯಿಂದ ಕಟ್ಟಿದ ಮಾದರಿ, ವಿಚಿತ್ರವೆಂದರೆ, ಮನುಷ್ಯನಿಗಿಂತ ನಾಯಿಗೇ ಹೆಚ್ಚು ಒಪ್ಪುತ್ತದೆ.

ಇಲ್ಲಿಯೇ ವಿಷಯದ ಮರ್ಮವಿದೆಯೆಂದು ನನ್ನ ಅಭಿಪ್ರಾಯ. ಮನುಷ್ಯನ ಹೃದಯದ ಮಾತ್ರೆ ನಾಯಿಗೆ ಸುರಕ್ಷಿತವೇ ಎಂದು ಕೇಳುವವರು ಸುರಕ್ಷತೆಯನ್ನು ಮಾತ್ರೆಯ ಗುಣವೆಂದು ಭಾವಿಸುತ್ತಾರೆ. ಅದು ಮಾತ್ರೆಗೂ, ದೇಹಕ್ಕೂ, ರೋಗಕ್ಕೂ ನಡುವಣ ಸಂಬಂಧ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಡೆಟ್‌ವೈಲರ್ ಮತ್ತು ಅವನ ಸಹೋದ್ಯೋಗಿಗಳು ಕಳೆದ ಶತಮಾನದ ನಡುಭಾಗದಲ್ಲಿ, ಚಿಕಿತ್ಸೆಗೆಂದು ಬಂದ ನಾಯಿಗಳ ಎದೆಗೆ ಸ್ಟೆತಸ್ಕೋಪ್ ಇಟ್ಟು ವರ್ಷಗಟ್ಟಲೆ ಆಲಿಸಿ ಲೆಕ್ಕವಿಟ್ಟ ಮೇಲೆ, ನಾಯಿಯ ಹೃದಯವು ಮನುಷ್ಯನದರಂತೆ ಕೆಡುವುದಿಲ್ಲವೆಂಬುದು ಸ್ಪಷ್ಟವಾಯಿತು. ಮನುಷ್ಯನಲ್ಲಿ ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳು ಕೊಬ್ಬಿನಿಂದ ಕಟ್ಟುತ್ತವೆ. ನಾಯಿಯಲ್ಲಿ ಅದು ಬಲು ವಿರಳ. ಮುದಿಯಾದ ಸಣ್ಣ ತಳಿಯ ನಾಯಿಯಲ್ಲಿ ಎಡಹೃದಯದ ಕವಾಟ ದಪ್ಪಗಾಗಿ ಸುಕ್ಕಿ, ರಕ್ತ ಹಿಂದಕ್ಕೆ ಸೋರುತ್ತದೆ. ಡಾಬರ್‌ಮನ್ನಿನಂಥ ದೊಡ್ಡ ತಳಿಯಲ್ಲಿ ಹೃದಯದ ಸ್ನಾಯುವೇ ತೆಳುವಾಗಿ ಹಿಗ್ಗುತ್ತದೆ. ರಾತ್ರಿ ಮಲಗಿದಲ್ಲಿ ಕೆಮ್ಮು, ಒಂದು ಮಹಡಿ ಹತ್ತಿದರೆ ಏದುಸಿರು, ನಿದ್ದೆಯಲ್ಲಿಯೂ ವೇಗವಾಗಿ ಏರಿಳಿಯುವ ಪಕ್ಕೆ. ಮನೆಯವರಿಗೆ ಕಾಣಿಸುವುದು ಇಷ್ಟೇ.

ಈ ಭೇದದ ಪರಿಣಾಮವನ್ನು ಪಿಮೊಬೆಂಡಾನ್ ಎಂಬ ಔಷಧಿಯ ಜಾತಕದಲ್ಲಿ ಓದಿಕೊಳ್ಳಬಹುದು. ಜರ್ಮನಿಯಲ್ಲಿ, ಮನುಷ್ಯನ ದುರ್ಬಲ ಹೃದಯವನ್ನು ಬಲವಾಗಿ ಸಂಕೋಚಗೊಳಿಸಲೂ ರಕ್ತನಾಳಗಳನ್ನು ಸಡಿಲಿಸಲೂ ಅದನ್ನು ರೂಪಿಸಿದ್ದರು. ಯುರೋಪಿನಲ್ಲಿ 317 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ಸೇವಿಸಿದವರು ಹೆಚ್ಚು ಹೊತ್ತು ಶ್ರಮಪಡಬಲ್ಲವರಾದರು, ನಿಜ. ಆದರೆ ಮರಣದ ಸಂಭವ ಅವರಲ್ಲಿ ಸುಮಾರು 1.8 ಪಟ್ಟು ಇದ್ದಂತೆ ತೋರಿತು. ಗಣಿತದ ಕಟ್ಟುನಿಟ್ಟಿನಲ್ಲಿ ಆ ವ್ಯತ್ಯಾಸ ಸಿದ್ಧವಾಗಲಿಲ್ಲವಾದರೂ, ಅದೇ ವರ್ಗದ ಮಿಲ್ರಿನೋನ್ 1991ರಲ್ಲಿ ರೋಗಿಗಳ ಸಾವನ್ನು ಹೆಚ್ಚಿಸಿದುದು ಎಲ್ಲರ ನೆನಪಿನಲ್ಲಿತ್ತು. ಜಪಾನನ್ನು ಬಿಟ್ಟರೆ ಮನುಷ್ಯವೈದ್ಯದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಸ್ಥಾನ ದೊರೆಯಲಿಲ್ಲ. ಹೀಗೆ ಮನುಷ್ಯರು ಕೈಬಿಟ್ಟ ಔಷಧಿ ನಾಯಿಗಳಿಗೆ ಸಂಜೀವಿನಿಯಾಯಿತು. 260 ನಾಯಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ತುಲನೆಯಲ್ಲಿ, ಕವಾಟದ ರೋಗದಿಂದ ಹೃದಯ ಸೋತ ನಾಯಿಗಳು ಎನಲಾಪ್ರಿಲ್ಲಿನ ವರ್ಗಕ್ಕೇ ಸೇರಿದ ಬೆನಜೆಪ್ರಿಲ್ಲಿನೊಡನೆ 140 ದಿನಗಳ ಮಧ್ಯಮಾವಧಿಯನ್ನು ಕಂಡರೆ ಪಿಮೊಬೆಂಡಾನ್ನಿನೊಡನೆ 267 ದಿನಗಳನ್ನು ಕಂಡವು. ಹೃದಯ ಹಿಗ್ಗಿದ್ದರೂ ಇನ್ನೂ ಸೋಲದಿದ್ದ 360 ನಾಯಿಗಳಿಗೆ ಮುಂಚಿತವಾಗಿಯೇ ಅದನ್ನು ಕೊಟ್ಟು ನೋಡಿದ 2016ರ ಪರೀಕ್ಷೆಯಲ್ಲಿ ರೋಗದ ಉಲ್ಬಣ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಧಮನಿ ಕಟ್ಟಿ ಗಾಯಗೊಂಡ ಹೃದಯವನ್ನು ಗದರಿಸಿ ದುಡಿಸುವುದು ಬೇರೆ, ಸೋರುವ ಕವಾಟವುಳ್ಳ ಹೃದಯಕ್ಕೆ ಕೈಗೊಡುವುದು ಬೇರೆ ಎಂಬುದು ಇದಕ್ಕೆ ತಜ್ಞರು ಹೇಳುವ ಸಮಾಧಾನ. ಅದು ನನಗೂ ಯುಕ್ತವಾಗಿ ತೋರುತ್ತದೆ.

ವಿಪರ್ಯಾಸ ಇನ್ನೊಂದು ದಿಕ್ಕಿನಲ್ಲಿಯೂ ಉಂಟು. ಮನುಷ್ಯನ ರಕ್ತದೊತ್ತಡದ ಮಾತ್ರೆಗಳಲ್ಲಿ ಇಂದು ಮನೆಮನೆಯಲ್ಲಿಯೂ ಇರುವುದು ಆಮ್ಲೊಡಿಪಿನ್. ನಾಯಿಗೆ ವೈದ್ಯರು ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.1ರಿಂದ 0.25 ಮಿಲಿಗ್ರಾಂ ಲೆಕ್ಕದಲ್ಲಿ ಅದನ್ನು ಆರಂಭಿಸುತ್ತಾರೆ. ಐದು ಕಿಲೋ ತೂಗುವ ಪುಟ್ಟ ನಾಯಿ ಅಜ್ಜನ ದಿಂಬಿನ ಬಳಿ ಬಿದ್ದಿದ್ದ 5 ಮಿಲಿಗ್ರಾಮಿನ ಒಂದೇ ಒಂದು ಮಾತ್ರೆಯನ್ನು ನುಂಗಿದರೆ, ತನಗೆ ಸಲ್ಲುವುದರ ನಾಲ್ಕರಿಂದ ಹತ್ತು ಪಟ್ಟು ನುಂಗಿದಂತಾಯಿತು. ಒತ್ತಡ ಕುಸಿದು, ಕಾಲು ಸೋತು, ಒಸಡು ಬಿಳಿಚಿಕೊಳ್ಳುತ್ತದೆ. ಔಷಧಿಯ ಪ್ರಭಾವ ದೀರ್ಘವಾದುದರಿಂದ ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಡಿಲ್ಟಿಯಾಜೆಮ್, ಪ್ರೊಪ್ರನಲಾಲ್ ಮೊದಲಾದುವೂ ಇಂಥವೇ. ಸ್ಟ್ರಿಪ್ಪನ್ನು ಕಚ್ಚಿ ತಿಂದ ನಾಯಿಯನ್ನು ಚಿಹ್ನೆಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹಾಗಾದರೆ ಚಿಕ್ಕ ಪ್ರಾಣಿಗೆ ಚಿಕ್ಕ ಪ್ರಮಾಣವೆಂಬ ಸೂತ್ರ ಸಾಕೇ ಎಂದರೆ, ಅದೂ ನಿಲ್ಲುವುದಿಲ್ಲ. ಎನಲಾಪ್ರಿಲ್ಲನ್ನು ನಾಯಿಗೆ ಕಿಲೋಗೆ ಅರ್ಧ ಮಿಲಿಗ್ರಾಮಿನಂತೆ ಕೊಡುತ್ತಾರೆ. ಆ ಲೆಕ್ಕದಲ್ಲಿ ಅರುವತ್ತು ಕಿಲೋ ಮನುಷ್ಯನಿಗೆ 30 ಮಿಲಿಗ್ರಾಂ ಸಲ್ಲಬೇಕು, ನಮ್ಮ ವೈದ್ಯರು ಬರೆಯುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ನೀರಿಳಿಸುವ ಫ್ಯೂರೊಸೆಮೈಡಿನದೂ ಇದೇ ರೀತಿ. ಆದರೆ ಈ ಎರಡೂ ಕೂಡಿದಲ್ಲಿ, ನಾಯಿ ನೀರು ಕುಡಿಯದಿದ್ದರೆ, ಅಥವಾ ಕಾಲುನೋವಿಗೆಂದು ನೋವಿನ ಮಾತ್ರೆಯೊಂದು ಜೊತೆಸೇರಿದರೆ, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಆದುದರಿಂದಲೇ ಔಷಧಿ ಆರಂಭಿಸಿದ ಒಂದೆರಡು ವಾರದೊಳಗೆ ರಕ್ತಪರೀಕ್ಷೆಗೆ ಬರಹೇಳುವುದು.

ತಳಿಯ ಮಾತೂ ಇದೆ. ಗ್ರೇಹೌಂಡ್ ಮೊದಲಾದ ಓಟದ ಬೇಟೆನಾಯಿಗಳಲ್ಲಿ ರಕ್ತದೊತ್ತಡ ಸಹಜವಾಗಿಯೇ ಇತರ ನಾಯಿಗಳಿಗಿಂತ ಹೆಚ್ಚು. ಆ ಸಂಖ್ಯೆಯನ್ನು ಕಂಡು ಬೆದರಿ ಮಾತ್ರೆ ಬರೆಯುವಂತಿಲ್ಲ. ನಮ್ಮ ಮುಧೋಳದ ನಾಯಿಯೂ ಅದೇ ವರ್ಗದ್ದೆಂಬುದನ್ನು ಇಲ್ಲಿಯ ವೈದ್ಯರು ನೆನೆಯುವುದು ಒಳ್ಳೆಯದು. ಕೋಲಿ ತಳಿಯ ನಾಯಿಗಳಲ್ಲಿ ಅನೇಕವಕ್ಕೆ, ಕೆಲವು ದ್ರವ್ಯಗಳು ಮಿದುಳನ್ನು ಹೊಗದಂತೆ ತಡೆದು ಅವನ್ನು ದೇಹದಿಂದ ಹೊರಗೆ ಸಾಗಿಸುವ ಪ್ರೋಟೀನು ಹುಟ್ಟಿನಿಂದಲೇ ಊನವಾಗಿರುತ್ತದೆಂದು 2001ರಲ್ಲಿ ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರಿನಾ ಮೀಲಿ ಮತ್ತು ಅವರ ಸಂಗಡಿಗರು ತೋರಿಸಿದರು. ಅವರು ವಿಚಾರಿಸುತ್ತಿದ್ದುದು ಹುಳುವಿನ ಮದ್ದಾದ ಐವರ್‌ಮೆಕ್ಟಿನ್ ಈ ತಳಿಗೆ ಏಕೆ ವಿಷವಾಗುತ್ತದೆಂಬುದನ್ನು. ಆದರೆ ಡಿಗಾಕ್ಸಿನ್ ಕೂಡ ಅದೇ ದಾರಿಯಿಂದ ಹೊರಹೋಗತಕ್ಕ ದ್ರವ್ಯ. ವಿದರಿಂಗನು ರೋಗಿಯ ವಾಂತಿಯನ್ನು ಕಾದು ನೋಡಿದಂತೆ ಇಂದಿಗೂ ಡಿಗಾಕ್ಸಿನ್ ನುಂಗುವ ನಾಯಿಯ ಅನ್ನದ ತಟ್ಟೆಯನ್ನು ಕಾಯಬೇಕಾಗುತ್ತದೆ. ವಿಷವೇರುವ ಮೊದಲ ಗುರುತು ಅದು ತಿನ್ನದೆ ಮುಖ ತಿರುಗಿಸುವುದು.

ಕಾನೂನು ಈ ವ್ಯವಹಾರವನ್ನು ತಡವಾಗಿ ಗಮನಿಸಿತು. ಮನುಷ್ಯರಿಗೆಂದು ಅಂಗೀಕೃತವಾದ ಔಷಧಿಯನ್ನು ಪ್ರಾಣಿಗೆ ಬರೆಯುವುದು ಅಮೆರಿಕದಲ್ಲಿ ಬಹುಕಾಲ ಎಲ್ಲರೂ ಮಾಡುತ್ತಿದ್ದ, ಕಾಯಿದೆ ಒಪ್ಪದಿದ್ದ ಕೆಲಸವಾಗಿತ್ತು. ಎನಾಕಾರ್ಡ್ ಬಂದ 1994ರಲ್ಲಿಯೇ ಅಲ್ಲಿನ ಶಾಸನಸಭೆ ಪಶುವೈದ್ಯನ ಹೊಣೆಗಾರಿಕೆಯ ಮೇಲೆ ಅದಕ್ಕೆ ಸಮ್ಮತಿ ಕೊಟ್ಟಿತು. ನಮ್ಮಲ್ಲಿ ಇಂದು ನಾಯಿಯ ಚೀಟಿ ಹಿಡಿದವರು ನಿಲ್ಲುವುದು ಮನುಷ್ಯರ ಮೆಡಿಕಲ್ ಶಾಪಿನ ಮುಂದೆಯೇ. ಅಂಗಡಿಯವನು ಎನಲಾಪ್ರಿಲ್ಲಿನ ಪಟ್ಟಿಯನ್ನು ಕತ್ತರಿಸಿ ಕೊಡುತ್ತಾನೆ. ಮನೆಯಲ್ಲಿ ಬ್ಲೇಡಿನಿಂದ ಅದನ್ನು ಅರ್ಧವೋ ಕಾಲೋ ಮಾಡಿ, ಪುಡಿ ಉದುರದಂತೆ ಇಡ್ಲಿಯ ಚೂರಿನಲ್ಲಿ ಹುದುಗಿಸಿ ತಿನ್ನಿಸುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ತೊಡಕು ಬರುವುದು ಈಚೆಗೆ ಬಳಕೆಗೆ ಬಂದಿರುವ ಕೂಡುಮಾತ್ರೆಗಳಿಂದ: ಟೆಲ್ಮಿಸಾರ್ಟನ್, ಆಮ್ಲೊಡಿಪಿನ್, ಮೂತ್ರ ಹೆಚ್ಚಿಸುವ ಇನ್ನೊಂದು, ಮೂರನ್ನೂ ಒಂದರಲ್ಲಿ ಅಡಕಮಾಡಿದ ಗುಳಿಗೆಯನ್ನು ಎಷ್ಟು ಚೂರು ಮಾಡಿದರೂ ಒಂದಕ್ಕೆ ಸರಿಹೋದ ಪ್ರಮಾಣ ಇನ್ನೊಂದಕ್ಕೆ ಸರಿಹೋಗದು. ಮನೆಯಲ್ಲಿ ಅದೇ ಹೆಸರಿನ ಮಾತ್ರೆ ಇದೆಯಲ್ಲಾ ಎಂದು ಯಜಮಾನರು ಎಷ್ಟು ಹೇಳಿದರೂ, ತಿಳಿದ ಪಶುವೈದ್ಯರು ನಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ, ಬೇಕಾದುದನ್ನು ಬಿಡಿಬಿಡಿಯಾಗಿಯೇ ಬರೆದುಕೊಡುತ್ತಾರೆ.